ಗ್ರೂಪ್ ಹೊಂದಿದರೆ ಸಾಕೇ? ಕ್ರಾಸ್‌ಮ್ಯಾಚಿನ ಒಂದು ಚರಿತ್ರೆ

ಕೋಲಾರದ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ 38 ವರ್ಷದ ಮಹಿಳೆಯೊಬ್ಬರ ರಕ್ತದ ಗುಂಪು ಓ ಪಾಸಿಟಿವ್. ಬೆಂಗಳೂರಿನ ಸುತ್ತಮುತ್ತ ಇದಕ್ಕಿಂತ ಸುಲಭವಾಗಿ ಸಿಗುವ ರಕ್ತ ಇನ್ನೊಂದಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಭಾಗದ 36,964 ದಾನಿಗಳ ಲೆಕ್ಕ ತೆಗೆದಾಗ ನೂರಕ್ಕೆ ಸುಮಾರು 40 ಮಂದಿ ಓ ಗುಂಪಿನವರು, ಒಟ್ಟಾರೆ ನೂರಕ್ಕೆ 94 ಮಂದಿ ಆರ್‌ಎಚ್ ಪಾಸಿಟಿವ್ ಎಂದು ಕಂಡುಬಂದಿತ್ತು. ಹಾಗಿದ್ದೂ ಆಕೆಗೆ ಹೊಂದುವ ಒಂದೇ ಒಂದು ಯೂನಿಟ್ ಸಿಗಲಿಲ್ಲ. ಸ್ಯಾಂಪಲ್ ಬೆಂಗಳೂರಿನ ರೋಟರಿ ಬ್ಯಾಂಗಲೋರ್ ಟಿಟಿಕೆ ರಕ್ತ ಕೇಂದ್ರದ ಪ್ರಯೋಗಾಲಯಕ್ಕೆ ಬಂತು. ಅಲ್ಲಿ ಯಾರ ಕೆಂಪುಕಣಗಳ ಜೊತೆ ಇಟ್ಟು ನೋಡಿದರೂ ಆಕೆಯ ಪ್ಲಾಸ್ಮಾ ಪ್ರತಿಕ್ರಿಯಿಸಿತು. ಮನೆಮಂದಿ, ನೆಂಟರಿಷ್ಟರು ಎಂದು ಸುಮಾರು 20 ಜನರ ರಕ್ತ ಪರೀಕ್ಷಿಸಿದರು, ಯಾರದೂ ಆಗಲಿಲ್ಲ. ಕೊನೆಗೆ ವೈದ್ಯರು ಹೊರಗಿನ ರಕ್ತವನ್ನೇ ಕೊಡದೆ ಬಹಳ ಎಚ್ಚರಿಕೆಯಿಂದ ಶಸ್ತ್ರಚಿಕಿತ್ಸೆ ಮುಗಿಸಿದರು. ಸ್ಯಾಂಪಲ್‌ಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರೆಫರೆನ್ಸ್ ಪ್ರಯೋಗಾಲಯಕ್ಕೆ ಹೋದವು. ಸುಮಾರು ಹತ್ತು ತಿಂಗಳ ಸಂಶೋಧನೆಯ ಬಳಿಕ, ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ, ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಕಂಡಿರದ ಪ್ರತಿಜನಕವೊಂದು (ಆಂಟಿಜೆನ್) ಇದಕ್ಕೆ ಕಾರಣ ಎಂದು ಗೊತ್ತಾಯಿತು. ಕ್ರೋಮರ್‌ನ ಮೊದಲೆರಡು ಅಕ್ಷರ, ಇಂಡಿಯಾದ ಒಂದು, ಬೆಂಗಳೂರಿನ ಒಂದು ಸೇರಿಸಿ ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟರು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತಪೂರಣ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದು ಲೋಕಕ್ಕೆ ತಿಳಿಯಿತು.

ಪತ್ರಿಕೆಗಳು ಇದನ್ನು ಅಪರೂಪದ ಸೋಜಿಗವೆಂದು ಬರೆದವು. ಸೋಜಿಗ ನಿಜ. ಆದರೆ ಈ ಸುದ್ದಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು, ಆ ಹೊಸ ಪ್ರತಿಜನಕ ಬೆಳಕಿಗೆ ಬಂದ ದಾರಿ. ಹೊಸದೇನನ್ನೋ ಹುಡುಕಲು ಹೊರಟ ಸಂಶೋಧನೆ ಇದಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರತಿ ಬ್ಲಡ್ ಬ್ಯಾಂಕಿನಲ್ಲೂ ದಿನನಿತ್ಯ ನಡೆಯುವ ಹೊಂದಾಣಿಕೆ ಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ ಹೇಳುವುದಾದರೆ ಕ್ರಾಸ್‌ಮ್ಯಾಚ್, ‘ಆಗುವುದಿಲ್ಲ’ ಎಂದದ್ದೇ ಇದರ ಮೂಲ. ರೋಗಿಯ ಕಡೆಯವರಿಗೆ ಈ ಪರೀಕ್ಷೆ ಎಂದರೆ ಕೌಂಟರಿನ ಮುಂದೆ ಮುಕ್ಕಾಲು ಗಂಟೆ ಕಾಯುವುದು, ಬಿಲ್ಲಿನಲ್ಲಿ ಒಂದು ಸಾಲು. ಗ್ರೂಪ್ ಹೊಂದಿದ ಮೇಲೆ ಇನ್ನೇನು ನೋಡುವುದು ಎಂಬ ಪ್ರಶ್ನೆ ಓದಿದವರಲ್ಲೂ ಇದೆ. ನನ್ನ ವಾದ ಇಷ್ಟೇ: ಚರಿತ್ರೆಯಲ್ಲಿ ಗ್ರೂಪ್ ಮೊದಲು, ಕ್ರಾಸ್‌ಮ್ಯಾಚ್ ಆಮೇಲೆ ಎಂಬ ತಿಳಿವಳಿಕೆಯೇ ತಲೆಕೆಳಗು. ಇಬ್ಬರ ರಕ್ತವನ್ನು ಒಂದೆಡೆ ಸೇರಿಸಿ ನೋಡುವ ಕೆಲಸ ಮೊದಲು ನಡೆಯಿತು. ಅದರಲ್ಲಿ ಕಂಡದ್ದನ್ನು ಸಂಕ್ಷೇಪಿಸಿ ಗುಂಪುಗಳೆಂದು ಕರೆದದ್ದು ಆಮೇಲೆ. ಆ ಸಂಕ್ಷೇಪ ಸಾಲದೆ ಬಂದಾಗಲೆಲ್ಲ ಮತ್ತೆ ಟ್ಯೂಬಿನ ಪರೀಕ್ಷೆಗೇ ಮರಳಬೇಕಾಗಿದೆ.

1900ನೇ ಇಸವಿ. ಪ್ಲೇಗಿನಿಂದ ತತ್ತರಿಸಿದ್ದ ಬೆಂಗಳೂರಿನಲ್ಲಿ ಆ ವರ್ಷದ ಕೊನೆಗೆ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ಅದೇ ವರ್ಷ ವಿಯೆನ್ನಾದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್, ಒಬ್ಬ ಆರೋಗ್ಯವಂತನ ಸೀರಮ್ ಇನ್ನೊಬ್ಬ ಆರೋಗ್ಯವಂತನ ಕೆಂಪುಕಣಗಳನ್ನು ಗಂಟುಕಟ್ಟಿಸಬಲ್ಲದು ಎಂದು ಲೇಖನವೊಂದರ ಅಡಿಟಿಪ್ಪಣಿಯಲ್ಲಿ ಬರೆದ. ತನ್ನ ಮತ್ತು ಸಹೋದ್ಯೋಗಿಗಳ ರಕ್ತವನ್ನು ತೆಗೆದು, ಸೀರಮ್ ಒಂದು ಕಡೆ ಕಣ ಒಂದು ಕಡೆ ಮಾಡಿ, ಎಲ್ಲರದನ್ನೂ ಎಲ್ಲರದರ ಜೊತೆ ಬೆರೆಸಿ ನೋಡಿ 1901ರಲ್ಲಿ ಮೂರು ಗುಂಪುಗಳನ್ನು ಹೇಳಿದ. ನಾಲ್ಕನೆಯ ಎಬಿಯನ್ನು ಮರುವರ್ಷ ಇತರರು ಕಂಡರು. ಗಮನಿಸಿ, ಅವನ ಕೈಯಲ್ಲಿ ಆಗ ಯಾವ ಗುಂಪಿನ ಪಟ್ಟಿಯೂ ಇರಲಿಲ್ಲ. ಇದ್ದದ್ದು ಯಾರ ಕಣ ಯಾರ ಸೀರಮ್ಮಿನಲ್ಲಿ ಗಂಟುಕಟ್ಟಿತು, ಯಾರದು ಕಟ್ಟಲಿಲ್ಲ ಎಂಬ ಕೋಷ್ಟಕ ಮಾತ್ರ. ಅದು ಇವತ್ತಿನ ಕ್ರಾಸ್‌ಮ್ಯಾಚಿನ ಮೂಲರೂಪವೇ. ಈ ಜ್ಞಾನ ರೋಗಿಯ ಮಂಚದ ಬಳಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. 1907ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ರೂಬೆನ್ ಆಟೆನ್‌ಬರ್ಗ್ ರಕ್ತ ಕೊಡುವುದಕ್ಕೆ ಮುಂಚೆ ದಾನಿ ಮತ್ತು ರೋಗಿಯ ರಕ್ತವನ್ನು ಪರೀಕ್ಷಿಸಿ ನೋಡುವ ಪದ್ಧತಿ ತಂದ. 1913ರ ಹೊತ್ತಿಗೆ ಹೀಗೆ ಪರೀಕ್ಷಿಸಿ ಮಾಡಿದ 128 ರಕ್ತಪೂರಣಗಳ ಅನುಭವವನ್ನು ಅವನೂ ಅವನ ಜೊತೆಗಾರನೂ ಪ್ರಕಟಿಸಿದರು. ಅದಕ್ಕೂ ಹಿಂದೆ ಎರಡು ಶತಮಾನಕ್ಕೂ ಮಿಕ್ಕ ಕಾಲ ರಕ್ತಪೂರಣವೆಂದರೆ ಕೆಲವರಿಗೆ ಮರುಜೀವ, ಕೆಲವರಿಗೆ ಸಾವು. ಯಾರಿಗೆ ಯಾವುದು ಎಂದು ಮೊದಲೇ ಹೇಳಲು ವೈದ್ಯರ ಬಳಿ ಏನೂ ಇರಲಿಲ್ಲ.

ಗುಂಪು ಒಂದೇ ಆದರೆ ಸಾಕೆಂಬ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು 1939ರಲ್ಲಿ. ನ್ಯೂಯಾರ್ಕಿನ ಒಬ್ಬ ಬಾಣಂತಿಯ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತಸ್ರಾವವಾದ ಆಕೆಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ ಓ ಗುಂಪು. ಆದರೂ ಆಕೆಗೆ ತೀವ್ರ ಪ್ರತಿಕ್ರಿಯೆಯಾಯಿತು. ಸಂಶೋಧಕರಾದ ಲೆವಿನ್ ಮತ್ತು ಸ್ಟೆಟ್ಸನ್ ಆಕೆಯ ಸೀರಮ್ಮನ್ನು 104 ಮಂದಿ ಓ ದಾನಿಗಳ ಕಣಗಳ ಮೇಲೆ ಪರೀಕ್ಷಿಸಿದಾಗ 80 ಮಂದಿಯ ರಕ್ತ ಗಂಟುಕಟ್ಟಿತು. ಮುಂದೆ ಆರ್‌ಎಚ್ ಎಂದು ಹೆಸರಾದ ವ್ಯವಸ್ಥೆಯ ಮೊದಲ ಸುಳಿವು ಇದು. ನಮ್ಮಲ್ಲಿ ಈಗಲೂ ಮನೆಯವರ ರಕ್ತವೇ ಮೇಲು, ಗೊತ್ತಿಲ್ಲದವರದು ಬೇಡ ಎನ್ನುವವರು ಬಹಳ. ಗಂಡನ ರಕ್ತ ಹೆಂಡತಿಗೆ ಎಲ್ಲರಿಗಿಂತ ಹೆಚ್ಚು ಅಪಾಯವಾಗುವ ಸಂದರ್ಭವಿದೆ ಎಂದು ಈ ಪ್ರಕರಣ ತೋರಿಸುತ್ತದೆ: ಮಗುವಿನ ಮೂಲಕ ತಂದೆಯ ಪ್ರತಿಜನಕಗಳು ತಾಯಿಯ ದೇಹಕ್ಕೆ ಮೊದಲೇ ಪರಿಚಯವಾಗಿ, ಅವುಗಳ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ತಯಾರಾಗಿರಬಹುದು. ತಂದೆ, ತಾಯಿ, ಒಡಹುಟ್ಟಿದವರ ರಕ್ತದಲ್ಲಿ ಬೇರೊಂದು ತೊಂದರೆಯಿದೆ. ದಾನಿಯ ಬಿಳಿಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಟ್ಟು, ಅವೇ ರೋಗಿಯ ಮೇಲೆ ತಿರುಗಿಬೀಳುವ ಸಂಭವವಿರುವುದರಿಂದ ಅಂಥ ರಕ್ತಕ್ಕೆ ವಿಕಿರಣ ಹಾಯಿಸಿ ಕೊಡಬೇಕಾಗುತ್ತದೆ.

ಆರ್‌ಎಚ್ ಗೊತ್ತಾದ ಮೇಲೂ ಒಂದು ಒಗಟು ಉಳಿಯಿತು. ಪರೀಕ್ಷೆಯಲ್ಲಿ ಗಂಟುಕಟ್ಟದ ರಕ್ತ ದೇಹದೊಳಗೆ ಹೋದ ಮೇಲೆ ಒಡೆಯುತ್ತಿತ್ತು. 1945ರಲ್ಲಿ ಕೇಂಬ್ರಿಜ್‌ನ ಕೂಂಬ್ಸ್, ಮೌರಂಟ್ ಮತ್ತು ರೇಸ್ ಇದನ್ನು ಬಿಡಿಸಿದರು. ಕೆಲವು ಪ್ರತಿಕಾಯಗಳು ತೀರ ಚಿಕ್ಕವು. ಕಣದ ಮೈಗೆ ಅಂಟಿಕೊಳ್ಳುತ್ತವೆ, ಆದರೆ ಎರಡು ಕಣಗಳನ್ನು ಜೋಡಿಸುವಷ್ಟು ಉದ್ದವಿಲ್ಲ. ಮೊಲದ ದೇಹದಲ್ಲಿ ತಯಾರಿಸಿದ, ಮನುಷ್ಯರ ಗ್ಲಾಬ್ಯುಲಿನ್ ಅನ್ನು ಹಿಡಿಯುವ ಸೀರಮ್ಮಿನ ಒಂದೆರಡು ಹನಿ ಹಾಕಿದರೆ ಅದು ನಡುವೆ ಸೇತುವೆಯಾಗಿ ಕಣಗಳು ಕಣ್ಣಿಗೆ ಕಾಣುವಂತೆ ಗಂಟುಕಟ್ಟುತ್ತವೆ. ನಮ್ಮ ಟೆಕ್ನಿಷಿಯನ್ನರು ಕೂಂಬ್ಸ್ ಎಂದೇ ಕರೆಯುವ ಈ ಹಂತ ಬಂದ ಮೇಲೆ ಕ್ರಾಸ್‌ಮ್ಯಾಚ್ ಈಗಿನ ರೂಪಕ್ಕೆ ಬಂತು. ಅದನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ತಿಳಿಯುತ್ತದೆ. ಗಾಜಿನ ಪುಟ್ಟ ಟ್ಯೂಬಿನಲ್ಲಿ ರೋಗಿಯ ಸೀರಮ್ ಎರಡು ಹನಿ, ಸಲೈನಿನಲ್ಲಿ ತೊಳೆದು ತೆಳುಮಾಡಿದ ದಾನಿಯ ಕಣ ಒಂದು ಹನಿ. ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿಯಲ್ಲಿ ಇಡಬೇಕು. ಆಮೇಲೆ ಅಂಟದೆ ಉಳಿದ ಪ್ರತಿಕಾಯವೆಲ್ಲ ಹೋಗುವಂತೆ ಮೂರು ಸಲ ತೊಳೆದು, ಕೂಂಬ್ಸ್ ಸೀರಮ್ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಬೇಕು. ತಳದಲ್ಲಿ ಕೂತ ಕೆಂಪು ಗುಂಡಿ ಹೊಗೆಯಂತೆ ಎದ್ದು ಕರಗಿದರೆ ರಕ್ತ ಹೊಂದಿತು. ತುಣುಕುತುಣುಕಾಗಿ ಎದ್ದರೆ ಹೊಂದಲಿಲ್ಲ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಗಂಟುಕಟ್ಟದ ಪ್ರತಿ ಟ್ಯೂಬಿಗೂ, ಮೊದಲೇ ಪ್ರತಿಕಾಯ ಲೇಪಿಸಿದ ಕಂಟ್ರೋಲ್ ಕಣಗಳ ಒಂದು ಹನಿ ಹಾಕುತ್ತಾರೆ. ಆಗ ಗಂಟುಕಟ್ಟಲೇಬೇಕು. ಕಟ್ಟದಿದ್ದರೆ ತೊಳೆದದ್ದು ಸಾಲದು, ಅಥವಾ ಸೀರಮ್ ಹಾಕುವುದೇ ಮರೆತಿದೆ ಎಂದರ್ಥ, ಮೊದಲಿಂದ ಶುರು. ‘ತೊಂದರೆ ಇಲ್ಲ’ ಎಂಬ ಉತ್ತರವನ್ನೂ ಹೀಗೆ ಮರುಪರೀಕ್ಷೆಗೆ ಒಳಪಡಿಸುವ ಪದ್ಧತಿ ನನಗೆ ಇಡೀ ವೈದ್ಯಶಾಸ್ತ್ರದ ಅತ್ಯಂತ ಪ್ರಾಮಾಣಿಕ ಕ್ರಮಗಳಲ್ಲಿ ಒಂದಾಗಿ ಕಾಣುತ್ತದೆ. ಈಗ ದೊಡ್ಡ ಕೇಂದ್ರಗಳಲ್ಲಿ ಜೆಲ್ ಕಾರ್ಡ್ ಬಂದಿದೆ: 37 ಡಿಗ್ರಿಯಲ್ಲಿ 15 ನಿಮಿಷ, ಸೆಂಟ್ರಿಫ್ಯೂಜಿನಲ್ಲಿ 10 ನಿಮಿಷ. ಹೊಂದಿದ ಕಣ ಜೆಲ್ ದಾಟಿ ತಳ ಸೇರುತ್ತದೆ, ಗಂಟುಕಟ್ಟಿದ್ದು ಮೇಲೆ ಅಥವಾ ನಡುವೆ ಸಿಕ್ಕಿಕೊಳ್ಳುತ್ತದೆ.

ಈ ಚರಿತ್ರೆಯಲ್ಲಿ ಭಾರತದ ಪಾತ್ರ ದೊಡ್ಡದು. ಮೊದಲ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಬೀಡುಬಿಟ್ಟಿದ್ದ ಹಲವು ದೇಶಗಳ ಸೈನಿಕರ ರಕ್ತವನ್ನು ಹಿರ್ಷ್‌ಫೆಲ್ಡ್ ದಂಪತಿ ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದರು. ಯುರೋಪಿನವರಲ್ಲಿ ಎ ಹೆಚ್ಚು. ಭಾರತೀಯ ಸೈನಿಕರಲ್ಲಿ ನೂರಕ್ಕೆ ಸುಮಾರು 41 ಮಂದಿ ಬಿ. ಒಂದೊಂದು ಸೀಮೆಯ ಜನರಲ್ಲಿ ಗುಂಪುಗಳ ಪ್ರಮಾಣ ಬೇರೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. 1952ರಲ್ಲಿ ಮುಂಬೈಯ ವೈ.ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪು ಇನ್ನೂ ದೊಡ್ಡ ಪಾಠ. ಈ ಗುಂಪಿನವರ ಕಣದಲ್ಲಿ ಎ ಇಲ್ಲ, ಬಿ ಇಲ್ಲ, ಓ ಗುಂಪಿನವರಲ್ಲಿಯೂ ಇರುವ ಎಚ್ ಕೂಡ ಇಲ್ಲ. ಕಣವನ್ನಷ್ಟೇ ನೋಡುವ ಮಾಮೂಲಿ ಗ್ರೂಪಿಂಗ್ ಮಾಡಿದರೆ ಫಲಿತಾಂಶ ‘ಓ’ ಎಂದೇ ಬರುತ್ತದೆ. ಆದರೆ ಓ ರಕ್ತ ಕೊಟ್ಟರೆ ಜೀವಕ್ಕೆ ಅಪಾಯ. ಸೀರಮ್ಮನ್ನು ಓ ಕಣಗಳ ಜೊತೆ ಇಟ್ಟು ನೋಡದೆ ಹೋದರೆ ಈ ತಪ್ಪನ್ನು ಹಿಡಿಯುವುದು ಕ್ರಾಸ್‌ಮ್ಯಾಚ್ ಮಾತ್ರ. ಭಾರತದಲ್ಲಿ ಅಂದಾಜು ಹತ್ತು ಸಾವಿರಕ್ಕೊಬ್ಬರಲ್ಲಿ ಇದು ಕಾಣುತ್ತದೆ. ವರದಿಯಾದ ಪ್ರಕರಣಗಳಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳ ಪಟ್ಟಿಯನ್ನೇ ಇಟ್ಟುಕೊಂಡು ದೇಶದ ಬೇರೆ ಬೇರೆ ಊರುಗಳ ಕರೆಗೆ ಓಗೊಡುತ್ತಿದೆ. 1973ರಲ್ಲಿ ಮುಂಬೈಯಲ್ಲೇ ಸಿಕ್ಕ ಮತ್ತೊಂದು ಪ್ರತಿಜನಕದ ವ್ಯವಸ್ಥೆಗೆ ‘ಇಂಡಿಯನ್’ ಎಂದೇ ಹೆಸರು. ಕೋಲಾರದ ಮಹಿಳೆಯ ಪ್ರಕರಣ ಈ ಸಾಲಿನ ಇತ್ತೀಚಿನದು.

ಈ ಪರೀಕ್ಷೆ ಊರಿನ ಅಂಚಿಗೆ ಬಂದ ಬಗೆ ತಿಳಿಯಲು ಈಗ ಬೆಂಗಳೂರಿನ ಪೂರ್ವದ ಮಹದೇವಪುರದ ಕಡೆ ನೋಡೋಣ. ಕೋಲಾರದಿಂದ ಬರುವ ಹಳೇ ಮದ್ರಾಸು ರಸ್ತೆ ಹೊಸಕೋಟೆ, ಕೆ.ಆರ್. ಪುರ ಹಾದು ಟಿನ್ ಫ್ಯಾಕ್ಟರಿಯ ಬಳಿ ಊರು ಸೇರುತ್ತದೆ. ಅದರ ದಕ್ಷಿಣಕ್ಕೆ ಮಹದೇವಪುರ, ಗರುಡಾಚಾರ್‌ಪಾಳ್ಯ, ಹೂಡಿ, ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶ. ಆಚೆಗೆ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಯಾಗಿ ಶುರುವಾದ ವೈಟ್‌ಫೀಲ್ಡ್. ಸ್ವಾತಂತ್ರ್ಯದ ಮರುವರ್ಷ ದೂರವಾಣಿ ನಗರದಲ್ಲಿ ಐಟಿಐ ಕಾರ್ಖಾನೆ ಬಂತು, 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು. 2001ರ ಜನವರಿಯಲ್ಲಿ ವೈಟ್‌ಫೀಲ್ಡ್‌ನ ಇಪಿಐಪಿ ಪ್ರದೇಶದಲ್ಲಿ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ಸಂಸ್ಥೆ ಆರಂಭವಾಯಿತು. ಹೃದಯ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಹಣವಿಲ್ಲದೆ ಮಾಡುವ ಈ ಆಸ್ಪತ್ರೆಗೆ ದೇಶದ ಮೂಲೆಮೂಲೆಯಿಂದ ರೋಗಿಗಳು ಬರತೊಡಗಿದರು. ಅದೇ ಸೀಮೆಯಲ್ಲಿ ವೈದೇಹಿ ವೈದ್ಯಕೀಯ ಕಾಲೇಜು, ಮುಂದೆ ಹಲವು ಖಾಸಗಿ ಆಸ್ಪತ್ರೆಗಳು ಬೆಳೆದವು. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಎಂದರೆ ಹೊಂದಾಣಿಕೆ ನೋಡಿದ ರಕ್ತ ಕೈಯಲ್ಲಿರದೆ ಮುಟ್ಟುವ ಕೆಲಸವಲ್ಲ. ಹಿಂದೆ ಇಡೀ ಬೆಂಗಳೂರು ವಿಕ್ಟೋರಿಯಾ, ಬೌರಿಂಗ್‌ನಂಥ ಆಸ್ಪತ್ರೆಗಳ ಕಡೆ ನೋಡುತ್ತಿದ್ದರೆ, ಈ ಪರೀಕ್ಷೆಯ ಟ್ಯೂಬುಗಳು ಊರಿನ ಪೂರ್ವದ ಅಂಚಿಗೂ ಬಂದದ್ದು ಹೀಗೆ.

ರಕ್ತದ ವ್ಯವಹಾರವೂ ಇದೇ ಹೊತ್ತಿಗೆ ಬದಲಾಗುತ್ತಿತ್ತು. ದುಡ್ಡಿಗೆ ರಕ್ತ ಕೊಡುವವರನ್ನೇ ದೇಶದ ಅನೇಕ ಬ್ಲಡ್ ಬ್ಯಾಂಕುಗಳು ನೆಚ್ಚಿದ್ದ ಕಾಲವೊಂದಿತ್ತು. 1984ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್, ಮಹದೇವಪುರದಿಂದ ಬಹಳ ದೂರವಲ್ಲದ ತಿಪ್ಪಸಂದ್ರದಲ್ಲಿ ರೋಟರಿ ಮತ್ತು ಟಿಟಿಕೆ ಜೊತೆಗೂಡಿ ನಡೆಸಿಕೊಂಡು ಬಂದ ರಕ್ತ ಕೇಂದ್ರ ಸ್ವಯಂಪ್ರೇರಿತ ದಾನಿಗಳನ್ನು ನಂಬಿ ಬೆಳೆಯಿತು. ಕ್ರಿಬ್ ಪತ್ತೆಯಾದದ್ದು ಈ ಕೇಂದ್ರದಿಂದಲೇ. 1996ರ ಜನವರಿ 4ರಂದು ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ತೀರ್ಪು ಕೊಟ್ಟು ಪರವಾನಗಿ ಇಲ್ಲದ ಬ್ಲಡ್ ಬ್ಯಾಂಕುಗಳನ್ನು ಮುಚ್ಚಿಸಿತು, ದುಡ್ಡಿನ ರಕ್ತದಾನಕ್ಕೆ ಎರಡು ವರ್ಷದೊಳಗೆ ಅಂತ್ಯ ಹಾಡಲು ಹೇಳಿತು. ದೇಶದ ಔಷಧ ನಿಯಮಗಳು ರಕ್ತ ಹೊರಗೆ ಹೋಗುವ ಮುಂಚೆ ಕ್ರಾಸ್‌ಮ್ಯಾಚ್ ಆಗಬೇಕು, ದಾನಿ ಮತ್ತು ರೋಗಿಯ ಸ್ಯಾಂಪಲ್‌ಗಳನ್ನು ಕೊಟ್ಟ ಮೇಲೂ 7 ದಿನ ಕಾಪಾಡಬೇಕು ಎನ್ನುತ್ತವೆ. ಆ ಏಳು ದಿನಕ್ಕೆ ಕಾರಣವಿದೆ. ರಕ್ತ ಏರಿಸಿದ ಮೇಲೆ ಜ್ವರ, ನಡು ನೋವು, ಕೆಂಪು ಮೂತ್ರ ಕಂಡರೆ ಅದೇ ಸ್ಯಾಂಪಲ್‌ಗೆ ಹಿಂದಿರುಗಿ ಎಲ್ಲಿ ತಪ್ಪಿತೆಂದು ಹುಡುಕಬೇಕು.

ನನ್ನ ವಾದಕ್ಕೆ ಮೂರು ಗಟ್ಟಿ ಆಕ್ಷೇಪಗಳಿವೆ. ಎಬಿಓ ಮತ್ತು ಆರ್‌ಎಚ್ ಸರಿಯಾಗಿ ನೋಡಿದರೆ ಬಹುಪಾಲು ರೋಗಿಗಳಿಗೆ ಏನೂ ಆಗುವುದಿಲ್ಲ, ಅಮೆರಿಕ ಯುರೋಪುಗಳಲ್ಲಿ ಟ್ಯೂಬನ್ನೇ ಬಿಟ್ಟು ಕಂಪ್ಯೂಟರಿನಲ್ಲಿ ಕ್ರಾಸ್‌ಮ್ಯಾಚ್ ಮಾಡುತ್ತಾರಲ್ಲ ಎಂಬುದು ಮೊದಲನೆಯದು. ನಿಜ. ಆದರೆ ಅಲ್ಲಿ ಕಂಪ್ಯೂಟರ್ ಒಪ್ಪಿಗೆ ಕೊಡುವ ಮುಂಚೆ ಎರಡು ಷರತ್ತುಗಳಿವೆ: ರೋಗಿಯ ಗುಂಪು ಒಂದಕ್ಕಿಂತ ಹೆಚ್ಚು ಸಲ ಖಚಿತವಾಗಿರಬೇಕು, ಮತ್ತು ಆಯ್ದ ಕಣಗಳ ಜೊತೆ ಪ್ರತಿಕಾಯದ ಸ್ಕ್ರೀನಿಂಗ್ ಆಗಿ ಈಗಲೂ ಹಿಂದೆಯೂ ಏನೂ ಸಿಕ್ಕಿರಬಾರದು. ಅಂದರೆ ಟ್ಯೂಬು ಹೋಗಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಿದೆ. ಮಹದೇವಪುರದಂಥ ಕಡೆ ಆ ‘ಹಿಂದೆಯೂ’ ಎಂಬ ಷರತ್ತೇ ಕಷ್ಟ. ಬಿಹಾರ, ಒಡಿಶಾ, ಬಂಗಾಳ, ಆಂಧ್ರ, ನಮ್ಮದೇ ರಾಯಚೂರು ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಹಳೆಯ ದಾಖಲೆ ಯಾವ ಆಸ್ಪತ್ರೆಯ ಕಂಪ್ಯೂಟರಿನಲ್ಲಿದೆ? ಸಾಫ್ಟ್‌ವೇರ್ ಕಂಪನಿಯವರೂ ವಿಮೆಗೆ ತಕ್ಕಂತೆ ಆಸ್ಪತ್ರೆ ಬದಲಿಸುತ್ತಾರೆ. ಜೊತೆಗೆ ಸ್ಕ್ರೀನಿಂಗ್ ಕಣಗಳ ಬಹುಪಾಲು ಹೊರದೇಶಗಳ ದಾನಿಗಳ ರಕ್ತದಿಂದ ತಯಾರಾದವು. ನಮ್ಮಲ್ಲಷ್ಟೇ ಹೆಚ್ಚಾಗಿ ಕಾಣುವ ಪ್ರತಿಜನಕ ಅವುಗಳಲ್ಲಿ ಇಲ್ಲದೆ ಹೋಗಬಹುದು. ಇಲ್ಲಿನ ದಾನಿಯ ಕಣವನ್ನು ಇಲ್ಲಿನ ರೋಗಿಯ ಸೀರಮ್ಮಿನಲ್ಲಿ ಇಟ್ಟು ನೋಡಿದರೆ ಆ ಕೊರತೆ ತುಂಬುತ್ತದೆ.

ಎರಡನೆಯದು ಸಮಯದ ಆಕ್ಷೇಪ. ಹೊರವರ್ತುಲ ರಸ್ತೆಯಲ್ಲಿ ಲಾರಿ ಗುದ್ದಿ ರಕ್ತ ಹರಿಯುತ್ತಿರುವವನಿಗೆ ಮುಕ್ಕಾಲು ಗಂಟೆ ಕಾಯಿರಿ ಎನ್ನಲಾಗದು. ಹೆರಿಗೆಯ ರಕ್ತಸ್ರಾವವೂ ಹಾಗೆಯೇ. ಇದಕ್ಕೆ ನಿಯಮದಲ್ಲೇ ದಾರಿಯಿದೆ: ವೈದ್ಯರು ಬರೆದುಕೊಟ್ಟರೆ ಕ್ರಾಸ್‌ಮ್ಯಾಚ್ ಆಗದ ರಕ್ತವನ್ನೂ ಕೊಟ್ಟು, ಪರೀಕ್ಷೆಯನ್ನು ಜೊತೆಜೊತೆಗೇ ನಡೆಸಬಹುದು. ರಕ್ತವಿಲ್ಲದ ಸಾವು ಖಚಿತ, ಪ್ರತಿಕಾಯದ ಅಪಾಯ ಸಂಭವ ಮಾತ್ರ; ಎರಡನ್ನೂ ತೂಗಿ ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ಆ ರಿಯಾಯಿತಿ ತುರ್ತಿಗೆ ಮಾತ್ರ. ವಾರಕ್ಕೆ ಮುಂಚೆಯೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೂ ಹಿಂದಿನ ರಾತ್ರಿ ಸ್ಯಾಂಪಲ್ ಕಳಿಸಿ ‘ಅರ್ಜೆಂಟ್’ ಎಂದು ಬರೆಯುವ ರೂಢಿಗೆ ಅದನ್ನು ನೆಪ ಮಾಡಿಕೊಳ್ಳಲಾಗದು. ಕೋಲಾರದ ಆಕೆಗೆ ಹೊಂದದ ರಕ್ತ ಏರದೆ ಉಳಿದದ್ದು, ಮೊದಲೇ ಪರೀಕ್ಷಿಸಲು ವ್ಯವಧಾನವಿದ್ದದ್ದರಿಂದ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ರಕ್ತಪೂರಣದ ದೊಡ್ಡ ಅನಾಹುತಗಳಿಗೆ ಅಪರೂಪದ ಪ್ರತಿಕಾಯ ಕಾರಣವಾಗುವುದಕ್ಕಿಂತ ಹೆಚ್ಚಾಗಿ ಹೆಸರಿನ ಗೊಂದಲ ಕಾರಣ. ಒಬ್ಬರ ಸ್ಯಾಂಪಲ್‌ಗೆ ಇನ್ನೊಬ್ಬರ ಚೀಟಿ, ಪಕ್ಕದ ಹಾಸಿಗೆಯವರ ಚೀಲ. ಬ್ರಿಟನ್ನಿನಲ್ಲಿ 1996ರಿಂದ ಇಂಥ ಅಪಘಾತಗಳ ಲೆಕ್ಕವಿಡುತ್ತಿರುವ ಯೋಜನೆ ವರ್ಷವರ್ಷವೂ ಇದನ್ನೇ ತೋರಿಸುತ್ತ ಬಂದಿದೆ. ನಮ್ಮಲ್ಲಿ 2012ರ ಡಿಸೆಂಬರಿನಲ್ಲಿ ಹೀಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾದದ್ದೂ ಇಂಥ ತಪ್ಪುಗಳ ದಾಖಲೆಗಾಗಿಯೇ. ಸ್ಯಾಂಪಲ್ ತೆಗೆಯುವಾಗಲೇ ರೋಗಿ ಅದಲುಬದಲಾದರೆ ಕ್ರಾಸ್‌ಮ್ಯಾಚ್ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನವಿಲ್ಲ. ಇದನ್ನು ಒಪ್ಪಲೇಬೇಕು. ಒಬ್ಬರೇ ಸಿಸ್ಟರ್ ಮೂವತ್ತು ಹಾಸಿಗೆ ನೋಡುವ ವಾರ್ಡಿನಲ್ಲಿ, ಭಾಷೆ ಬಾರದ ರೋಗಿ ‘ನೀವೇನಾ ರಾಜು?’ ಎಂದರೆ ತಲೆಯಾಡಿಸುವಾಗ, ತಪ್ಪು ಆಗುವುದು ಅಲ್ಲಿಯೇ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಸ್ಯಾಂಪಲ್‌ಗಳ ಗುಂಪನ್ನು ತಾಳೆ ನೋಡುವ ಕ್ರಮ, ಹೆಸರನ್ನು ನಾವು ಹೇಳದೆ ರೋಗಿಯ ಬಾಯಿಂದಲೇ ಹೇಳಿಸುವ ಕ್ರಮ ಇಲ್ಲಿ ಬೇಕು. ಆದರೆ ಈ ಆಕ್ಷೇಪ ಕ್ರಾಸ್‌ಮ್ಯಾಚನ್ನು ಕೈಬಿಡಲು ಕಾರಣವಾಗುವುದಿಲ್ಲ. ಚೀಲವನ್ನು ಆಯ್ದು ತರುವಾಗ ಫ್ರಿಜ್ಜಿನಲ್ಲಿ ಆಗುವ ತಪ್ಪನ್ನು, ಬರೆಯುವಾಗ ಗುಂಪು ತಪ್ಪಿದ್ದನ್ನು ಇವತ್ತಿಗೂ ಹಿಡಿಯುವುದು ಅದೇ ಟ್ಯೂಬು.

ಇನ್ನು ಉಳಿದಿರುವುದು ದಾಖಲೆಯ ಕೆಲಸ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈಗ 45ಕ್ಕೂ ಹೆಚ್ಚು ರಕ್ತಗುಂಪು ವ್ಯವಸ್ಥೆಗಳಿವೆ. ಪ್ರತಿಕಾಯವೊಂದು ಇವತ್ತು ಸಿಕ್ಕಿ, ಕೆಲವು ತಿಂಗಳಲ್ಲಿ ಪರೀಕ್ಷೆಗೆ ಕಾಣದಷ್ಟು ತೆಳುವಾಗಬಹುದು. ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಆ ರೋಗಿಗೆ ಕ್ರಾಸ್‌ಮ್ಯಾಚ್ ಸರಿ ಹೊಂದಿ, ರಕ್ತ ಏರಿ, ವಾರದ ಹೊತ್ತಿಗೆ ಕಾಮಾಲೆ ಕಾಣಿಸುತ್ತದೆ, ಏರಿಸಿದ ರಕ್ತವೆಲ್ಲ ಒಡೆದು ಹೋಗಿರುತ್ತದೆ. ಟ್ಯೂಬಿನ ಮಿತಿ ಇದು, ಮತ್ತು ಇದಕ್ಕೆ ಪರಿಹಾರ ಟ್ಯೂಬಿನಲ್ಲಿಲ್ಲ. ತಿಂಗಳಿಗೆ ಒಂದೆರಡು ಸಲ ರಕ್ತ ಬೇಕಾಗುವ ಥಲಸ್ಸೇಮಿಯಾ ಮಕ್ಕಳಿಗೆ, ಹಲವು ಹೆರಿಗೆಯಾದ ತಾಯಂದಿರಿಗೆ ಇದು ಸಣ್ಣ ಮಾತಲ್ಲ. ಪ್ರತಿಕಾಯ ಪತ್ತೆಯಾದ ರೋಗಿಯ ಕೈಗೆ ಅದರ ಹೆಸರು, ದಿನಾಂಕ, ಯಾವ ರಕ್ತ ಕೊಡಬಾರದು ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಕಾರ್ಡು ಕೊಡುವುದು ಕೆಲವು ರೂಪಾಯಿಯ ಖರ್ಚು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದಕ್ಕೊಂದು ಸಾಲು ಕಡ್ಡಾಯವಾಗಬೇಕು, ರಾಜ್ಯದ ರಕ್ತ ಕೇಂದ್ರಗಳೆಲ್ಲ ನೋಡಬಹುದಾದ ಒಂದು ಪಟ್ಟಿಗೆ ಅದು ಸೇರಬೇಕು. ಕೋಲಾರದ ಮಹಿಳೆಗೆ ಮುಂದೆ ಎಂದಾದರೂ ರಕ್ತ ಬೇಕಾದರೆ ಆಕೆಯದೇ ರಕ್ತವನ್ನು ಮೊದಲೇ ತೆಗೆದಿಡುವುದು ಸದ್ಯಕ್ಕೆ ಕಾಣುವ ದಾರಿ. ಅಂಥದೇ ಸಂಗತಿ ಇನ್ನೊಬ್ಬರಲ್ಲಿದ್ದರೆ ಅದು ಗೊತ್ತಾಗಬೇಕಾದದ್ದು ಹೂಡಿಯದೋ ಕಾಡುಗೋಡಿಯದೋ ಯಾವುದೋ ಬ್ಲಡ್ ಬ್ಯಾಂಕಿನಲ್ಲಿ, ರಾತ್ರಿ ಪಾಳಿಯ ಟೆಕ್ನಿಷಿಯನ್ ‘ಹೊಂದುತ್ತಿಲ್ಲ’ ಎಂದು ಬರೆದು ಯೂನಿಟ್ಟನ್ನು ವಾಪಸ್ ಫ್ರಿಜ್ಜಿಗೆ ಇಟ್ಟಾಗ. ಹಾಗೆ ಬರೆದದ್ದಕ್ಕೆ ಬೈಗುಳ ಬೀಳದೆ ಸ್ಯಾಂಪಲ್ ರೆಫರೆನ್ಸ್ ಪ್ರಯೋಗಾಲಯಕ್ಕೆ ಹೋಗುವಂಥ ಏರ್ಪಾಡು ಪ್ರತಿ ಆಸ್ಪತ್ರೆಯಲ್ಲೂ ಆಗಬೇಕಿದೆ.